ಡ್ರಮ್ಮಿನ ಲೆಕ್ಕ ನಾಲ್ಕು ಪಟ್ಟು ಬಂದದ್ದೇಕೆ?

ಪ್ರಶ್ನೆ: ನನ್ನ ಬಳಿ ಇರುವ ಪ್ಲಾಸ್ಟಿಕ್ ಡ್ರಮ್ಮಿನ ಅಡ್ಡಗಲ 58 ಸೆಂ.ಮೀ., ಎತ್ತರ 88 ಸೆಂ.ಮೀ. ಸೂತ್ರಕ್ಕೆ ಹಾಕಿದರೆ ಸುಮಾರು 930 ಲೀಟರ್ ಬರುತ್ತದೆ. ಡ್ರಮ್ಮಿನ ಮೇಲೆ ಅಚ್ಚಾಗಿರುವುದು ಮಾತ್ರ 220 ಲೀಟರ್. ಯಾವುದನ್ನು ನಂಬಲಿ?

ಉತ್ತರ: ಡ್ರಮ್ಮನ್ನೇ ನಂಬಿ. ಸೂತ್ರ ಸರಿಯಾಗಿದೆ, ಆದರೆ ತ್ರಿಜ್ಯ ಹಾಕಬೇಕಾದ ಕಡೆ ನೀವು ವ್ಯಾಸ ಹಾಕಿದ್ದೀರಿ. ಸಿಲಿಂಡರಿನ ಘನಫಲ ಎಂದರೆ ಪೈ × ತ್ರಿಜ್ಯ × ತ್ರಿಜ್ಯ × ಎತ್ತರ. ವ್ಯಾಸ ತ್ರಿಜ್ಯದ ಎರಡರಷ್ಟು, ವರ್ಗ ಮಾಡಿದಾಗ ಅದು ನಾಲ್ಕು ಪಟ್ಟಾಗುತ್ತದೆ. 58ರ ಬದಲು 29 ಹಾಕಿ ನೋಡಿ: 3.1416 × 29 × 29 × 88, ಅಂದರೆ ಸುಮಾರು 2,32,500 ಘನ ಸೆಂ.ಮೀ. ಸಾವಿರ ಘನ ಸೆಂ.ಮೀ.ಗೆ ಒಂದು ಲೀಟರ್, ಹಾಗಾಗಿ 232.5 ಲೀಟರ್.

ಉಳಿದ ಹನ್ನೆರಡೂವರೆ ಲೀಟರ್ ಎಲ್ಲಿ ಹೋಯಿತು ಎಂದು ನೀವು ಕೇಳಿಯೇ ಕೇಳುತ್ತೀರಿ. ನೀವು ಅಳೆದದ್ದು ಹೊರಮೈ, ನೀರು ನಿಲ್ಲುವುದು ಒಳಗೆ. ಗೋಡೆ 4 ಮಿ.ಮೀ. ದಪ್ಪ ಇದ್ದರೆ ಎರಡೂ ಬದಿ ಸೇರಿ ವ್ಯಾಸದಲ್ಲಿ 8 ಮಿ.ಮೀ. ಕಳೆಯಬೇಕು. ತಳದ ದಪ್ಪಕ್ಕೂ ಅಂಚಿನ ಮಡಿಕೆಗೂ ಎತ್ತರದಲ್ಲಿ 2 ಸೆಂ.ಮೀ. ಬಿಡಿ. ಆಗ ಒಳ ತ್ರಿಜ್ಯ 28.6, ಎತ್ತರ 86, ಲೆಕ್ಕ 221 ಲೀಟರಿಗೆ ಬಂದು ನಿಲ್ಲುತ್ತದೆ. ಅಳತೆಯನ್ನು ಡೆಸಿಮೀಟರಿನಲ್ಲೇ ಬರೆದುಕೊಂಡರೆ (2.86 ಮತ್ತು 8.6) ಉತ್ತರ ನೇರವಾಗಿ ಲೀಟರಿನಲ್ಲೇ ಸಿಗುತ್ತದೆ, ಸೊನ್ನೆ ಎಣಿಸುವ ತಾಪತ್ರಯ ಇಲ್ಲ.

ಪೈಗೆ 3.1416 ಹಾಕಬೇಕೋ 22/7 ಹಾಕಬೇಕೋ ಎಂದು ಹಲವರು ತಲೆ ಕೆಡಿಸಿಕೊಳ್ಳುತ್ತಾರೆ. ಈ ಡ್ರಮ್ಮಿನಲ್ಲಿ 22/7ರಿಂದ ಬರುವ ಹೆಚ್ಚುವರಿ ನೂರು ಮಿ.ಲೀ.ಗಿಂತಲೂ ಕಡಿಮೆ. ವ್ಯಾಸ ಒಂದೇ ಒಂದು ಸೆಂ.ಮೀ. ತಪ್ಪಿದರೆ ಸುಮಾರು 8 ಲೀಟರ್ ಏರುಪೇರಾಗುತ್ತದೆ. ಎಚ್ಚರಿಕೆ ಇರಬೇಕಾದದ್ದು ಟೇಪು ಹಿಡಿಯುವಾಗ. ಬಾಯಿಗೆ ಅಡ್ಡಲಾಗಿ ಹಿಡಿದ ಟೇಪು ನಡುಮಧ್ಯದಲ್ಲೇ ಹಾಯ್ದಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಹೊಟ್ಟೆಯ ಸುತ್ತ ಟೇಪು ಸುತ್ತಿ, ಬಂದ ಸುತ್ತಳತೆಯನ್ನು 3.1416ರಿಂದ ಭಾಗಿಸಿ, ಗೋಡೆಯ ದಪ್ಪದ ಎರಡರಷ್ಟನ್ನು ಕಳೆಯಿರಿ. ನನ್ನ ಮಟ್ಟಿಗೆ ಇದೇ ನಂಬಿಕಸ್ಥ ದಾರಿ.

ಪ್ರಶ್ನೆ: ಅಡ್ಡ ಮಲಗಿಸಿದ ಟ್ಯಾಂಕಿನ ವ್ಯಾಸ 120 ಸೆಂ.ಮೀ., ಉದ್ದ 200 ಸೆಂ.ಮೀ. (ಎರಡೂ ಒಳ ಅಳತೆ). ಕೋಲು ಇಳಿಸಿದಾಗ 30 ಸೆಂ.ಮೀ. ತನಕ ಒದ್ದೆಯಾಗಿತ್ತು. ಕಾಲು ಭಾಗ ನೀರಿದೆ ಎನ್ನಬಹುದೇ?

ಉತ್ತರ: ಎನ್ನಲಾಗದು. ನೆಟ್ಟಗೆ ನಿಂತ ಟ್ಯಾಂಕಿನಲ್ಲಿ ಕಾಲು ಎತ್ತರಕ್ಕೆ ಕಾಲು ಭಾಗ ನೀರು. ಮಲಗಿದ್ದು ತಳದಲ್ಲಿ ಇಕ್ಕಟ್ಟು, ನಡುವಿನಲ್ಲಿ ಅಗಲ. ತುಂಬಿದರೆ 2,262 ಲೀಟರ್ ಹಿಡಿಯುವ ನಿಮ್ಮ ಟ್ಯಾಂಕಿನಲ್ಲಿ ಈಗ ಇರುವುದು 565 ಅಲ್ಲ, 442 ಲೀಟರ್. ಶೇಕಡ ಇಪ್ಪತ್ತೂ ಇಲ್ಲ.

ನಿಮ್ಮ ಅಳತೆ ಲೆಕ್ಕಕ್ಕೆ ಸಲೀಸು. ನೀರಿನ ಮಟ್ಟ ಕೇಂದ್ರಕ್ಕಿಂತ 30 ಸೆಂ.ಮೀ. ಕೆಳಗಿದೆ, ಅಂದರೆ ಸರಿಯಾಗಿ ಅರ್ಧ ತ್ರಿಜ್ಯ. ಆಗ ನೀರಿನ ಗೆರೆಯ ಎರಡು ತುದಿಗಳು ಕೇಂದ್ರದಲ್ಲಿ 120 ಡಿಗ್ರಿ ಕೋನ ಮಾಡುತ್ತವೆ. ವೃತ್ತದ ಮೂರನೇ ಒಂದು ಪಾಲು 3,770 ಚದರ ಸೆಂ.ಮೀ.; ಅದರಲ್ಲಿ ನೀರಿನ ಮೇಲಿರುವ ತ್ರಿಕೋನ 1,559 ಕಳೆದರೆ 2,211. ಇದನ್ನು ಉದ್ದ 200ರಿಂದ ಗುಣಿಸಿ. ಕೋಲು 90 ತೋರಿಸಿದ ದಿನ ಹೊಸ ಲೆಕ್ಕ ಬೇಡ: ಮೇಲೆ ಖಾಲಿ ಇರುವುದು ಇದೇ 442, ಕಳೆದರೆ ನೀರು 1,820 ಲೀಟರ್.

ಇದೆಲ್ಲ ಎರಡು ತುದಿಗಳೂ ಚಪ್ಪಟೆ ಇರುವ ಟ್ಯಾಂಕಿಗೆ. ತುದಿಗಳು ಗುಮ್ಮಟದಂತೆ ಉಬ್ಬಿದ್ದರೆ ಸೂತ್ರದ ಗೋಜಿಗೆ ಹೋಗದೆ, ಖಾಲಿ ಟ್ಯಾಂಕಿಗೆ ಅಳತೆಯ ಬಕೆಟ್ಟಿನಿಂದ ನೀರು ಸುರಿಯುತ್ತಾ ಪ್ರತಿ ನೂರು ಲೀಟರಿಗೊಮ್ಮೆ ಕೋಲಿನ ಮೇಲೆ ಗೆರೆ ಎಳೆದುಕೊಳ್ಳಿ.