ಅಂಬಾಸಿಡರ್ ಸಾಕಾ, ಈಕೋ ಬೇಕಾ?

ಪ್ರಶ್ನೆ: ನಮ್ಮಲ್ಲಿ ಅಪ್ಪನ ಕಾಲದ 1978ರ ಅಂಬಾಸಿಡರ್ ಇದೆ. ಈಗಲೂ ಓಡುತ್ತದೆ. ಅಮ್ಮನಿಗೆ ಮಂಡಿನೋವು, ತಿಂಗಳಿಗೊಮ್ಮೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಜೊತೆಗೆ ಮಕ್ಕಳಿಬ್ಬರು, ತೋಟದ ಸಾಮಾನು. ಮನೆಯವರು ಈಕೋ ವ್ಯಾನ್ ತಗೊಳ್ಳೋಣ ಅಂತಾರೆ. ಅಮ್ಮ ಮಾತ್ರ ಹಳೇ ಕಾರೇ ಸಾಕು ಅಂತಾರೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಮ್ಮನ ಮಾತಿನಲ್ಲಿ ನ್ಯಾಯ ಇದೆ. ಅಂಬಾಸಿಡರ್‌ನ ಹಿಂದಿನ ಬಾಗಿಲು ತೆಗೆದರೆ ಸೀಟು ಸರಿಯಾಗಿ ಮಂಡಿ ಎತ್ತರಕ್ಕೆ ಸಿಗುತ್ತದೆ. ಮೊದಲು ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ಎಳೆದುಕೊಳ್ಳಬಹುದು. ಈಕೋದಲ್ಲಿ ಹಾಗಾಗಲ್ಲ. ನೆಲ ಎತ್ತರ. ಒಂದು ಕಾಲಿಟ್ಟು ಮೈಭಾರ ಎತ್ತಬೇಕು. ತೋಟದ ದಾರಿಯ ಗುಂಡಿಗಳಲ್ಲೂ ಅಂಬಾಸಿಡರ್‌ನ 15 ಇಂಚಿನ ಚಕ್ರದ ಆರಾಮ ಈಕೋದ 13 ಇಂಚಿನ ಚಕ್ರಕ್ಕೆ ಬರಲ್ಲ.

ಆದರೂ ವ್ಯಾನ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಕಾರಣ ಮಣಿಪಾಲದ ದಾರಿಯಲ್ಲಿ ಸಿಗುವ ಆಗುಂಬೆ ಘಾಟಿ. ನಿಮ್ಮ ಕಾರಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಇಳಿಜಾರಿನಲ್ಲಿ ತಿರುವಿಗೊಂದು ಸಲ ತುಳಿಯುತ್ತಾ ಹೋದರೆ ಡ್ರಮ್ ಕಾಯುತ್ತದೆ, ಹಿಡಿತ ಕಮ್ಮಿಯಾಗುತ್ತದೆ. ಗ್ಯಾರೇಜಿನಲ್ಲಿ ಇಂಥ ಡ್ರಮ್‌ಗಳನ್ನು ಎಷ್ಟೋ ವರ್ಷ ಬಿಚ್ಚಿದ್ದೇನೆ. ಡ್ರಮ್ಮಿಗೆ ಒತ್ತಿ ಹಿಡಿಯುವ ಪಟ್ಟಿ, ಅಂದರೆ ಲೈನಿಂಗ್, ಘಾಟಿಯಲ್ಲಿ ಸುಟ್ಟು ಗಾಜಿನ ಹಾಗೆ ಹೊಳೆಯುತ್ತಿರುತ್ತದೆ, ಬೆರಳಾಡಿಸಿದರೆ ಜಾರುತ್ತದೆ. ಬ್ರೇಕ್ ಹಿಡಿಯಬೇಕಾದ್ದೇ ಅದು! ಆ ಕಾರಿನಲ್ಲಿ ಏರ್‌ಬ್ಯಾಗೂ ಇಲ್ಲ, ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ಎಬಿಎಸ್ಸೂ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಮಳೆಗಾಲದಲ್ಲಿ ಆ 14 ತಿರುವು ಇಳಿಯೋದು ನನಗೆ ಒಪ್ಪಿಗೆಯಿಲ್ಲ.

ಈಕೋದಲ್ಲಿ ಮುಂದೆ ಬೇಗ ಕಾವು ಬಿಡುವ ಡಿಸ್ಕ್ ಬ್ರೇಕು, ಎಬಿಎಸ್, ಏರ್‌ಬ್ಯಾಗ್ ಇವೆ. 5 ಸೀಟಿನದನ್ನೇ ತಗೊಳ್ಳಿ, ಹಿಂದೆ ಸಾಮಾನಿಗೆ ಧಾರಾಳ ಜಾಗ ಸಿಗುತ್ತದೆ. ಅಮ್ಮನನ್ನು ಮುಂದೆ ಕೂರಿಸಬೇಡಿ. ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ದೂರದ ದಾರಿಯಲ್ಲಿ ಕಾವು ತಟ್ಟುತ್ತದೆ. ಎಳೆಯೋ ಬಾಗಿಲಿನ ಕೆಳಗೆ ಗಟ್ಟಿಯಾದ ಫುಟ್‌ಸ್ಟೆಪ್, ಒಳಗೆ ಕೈಗೆ ಸಿಗುವ ಹಾಗೆ ಒಂದು ಹಿಡಿ ಹಾಕಿಸಿ. ಬುಕ್ ಮಾಡುವ ಮೊದಲು ಅಮ್ಮನನ್ನೇ ಶೋರೂಮಿಗೆ ಕರೆದುಕೊಂಡು ಹೋಗಿ ಹತ್ತಿ ಇಳಿಸಿ ನೋಡಿ. ಇದನ್ನು ಮಾತ್ರ ತಪ್ಪಿಸಬೇಡಿ.

ಹಾಗಂತ ಅಂಬಾಸಿಡರನ್ನು ಗುಜರಿಗೆ ಕೊಡಬೇಡಿ, ದಯವಿಟ್ಟು. 2014ರಲ್ಲಿ ತಯಾರಿಕೆಯೇ ನಿಂತು ಹೋದ ಗಾಡಿ ಅದು. ಊರೊಳಗೆ, ಬಯಲು ದಾರಿಯಲ್ಲಿ ಅಮ್ಮನನ್ನು ಅದರಲ್ಲೇ ಸುತ್ತಾಡಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ, ಹಳೇ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಪೈಪು, ಕಾರಿನ ಪೆಟ್ರೋಲ್ ಪಂಪಿನೊಳಗಿನ ಪೊರೆ (ಡಯಾಫ್ರಂ) ಎರಡನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸೋದಾದರೆ ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಖಾಲಿ ಮಾಡಿಡಿ.

2028ಕ್ಕೆ ಅದಕ್ಕೆ 50 ತುಂಬುತ್ತದೆ. ಅದು ದಾಟಿದ ಮೇಲೆ, ಮೂಲ ರೂಪ ಕೆಟ್ಟಿರದಿದ್ದರೆ, 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಕೇಳಬಹುದು. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ. ಅಮ್ಮನಿಗೆ ಅದು ಬೇಕಾಗಿರುವಷ್ಟು ದಿನ ಈಗಿನ ಆರ್‌ಸಿಯನ್ನೇ ರಿನ್ಯೂ ಮಾಡಿಸುತ್ತಾ ಹೋಗಿ.