ಹೋಟೆಲ್‌ನ ಬೆನ್ನು ಯಾವ ಬೀದಿಗೆ?

ಆತ್ಮೀಯರೇ,

ಡೌನ್‌ಟೌನ್‌ನಲ್ಲಿ ಕನ್ವೆನ್ಷನ್ ಹೋಟೆಲ್ (ಸಮಾವೇಶಕ್ಕೆ ಬರುವವರು ತಂಗುವ ದೊಡ್ಡ ಹೋಟೆಲ್) ಎಲ್ಲಿ ಬರಬೇಕು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ವಾಪಸು ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಒಳಗೊಂದು ಒಳ್ಳೆಯ ಲೇಖನ ಅವಿತು ಕೂತಿದೆ.

ಸಮಾವೇಶ ಕೇಂದ್ರಕ್ಕೆ ಅಂಟಿಕೊಂಡ ಖಾಲಿ ಜಾಗ, ಹಳೇ ರೈಲ್ವೆ ಯಾರ್ಡ್, ಎರಡು ಬೀದಿ ಆಚೆಯ ಪಾರ್ಕಿಂಗ್ ಲಾಟ್: ಮೂರನ್ನೂ ತೂಗಿ ಮೊದಲನೆಯದನ್ನು ಆರಿಸಿದ್ದೀರಿ. ಕಾರಣ, ‘ಹೋಟೆಲ್ ಬಂದರೆ ಸುತ್ತಲ ಬೀದಿಗಳು ತಾವಾಗಿಯೇ ಚಿಗುರುತ್ತವೆ’. ಆ ‘ತಾವಾಗಿಯೇ’ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಲೇಖನ ತೋರಿಸಿಕೊಡಬೇಕಾದದ್ದೇ ಅದನ್ನು. ನೀವು ಒಂದೇ ಪದದ ಹೆಗಲಿಗೆ ಇಡೀ ಹೊರೆ ಹೊರಿಸಿದ್ದೀರಿ.

ಅಮೆರಿಕದ ಡೆಟ್ರಾಯಿಟ್ ನಗರ ನೋಡಿ. 1977ರಲ್ಲಿ ತೆರೆದ ಕಟ್ಟಡಸಮೂಹಕ್ಕೆ ರೆನೈಸಾನ್ಸ್ (ಮರುಹುಟ್ಟು) ಸೆಂಟರ್ ಎಂದೇ ಹೆಸರಿಟ್ಟರು, ನಡುವೆ 70ಕ್ಕೂ ಹೆಚ್ಚು ಅಂತಸ್ತಿನ ಹೋಟೆಲ್. ಆದರೆ ಊರಿನ ಬದಿಯ ರಸ್ತೆಯಾದ ಜೆಫರ್ಸನ್ ಅವೆನ್ಯೂ ಕಡೆಗೆ ಎದ್ದದ್ದು ಕಾಂಕ್ರೀಟ್ ದಿಬ್ಬಗಳು. ಅಂಗಡಿ ಒಳಗೆ, ಊಟ ಒಳಗೆ, ಊರು ಮಾತ್ರ ಹೊರಗೆ. 1996ರಲ್ಲಿ ಜನರಲ್ ಮೋಟರ್ಸ್ ಅದನ್ನು ಕೊಂಡ ಮೇಲೆ ಆ ದಿಬ್ಬಗಳನ್ನು ಒಡೆಸಬೇಕಾಯಿತು. ಜಾಗ ತಪ್ಪಿತ್ತೋ, ಬಾಗಿಲು ತಪ್ಪಿತ್ತೋ? ನಿಮ್ಮ ಲೇಖನ ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ.

ಕನ್ವೆನ್ಷನ್ ಹೋಟೆಲ್‌ಗೆ ಕಂಬವಿಲ್ಲದ ದೊಡ್ಡ ಬಾಲ್‌ರೂಮ್, ಅಂದರೆ ಸಭೆ-ಔತಣದ ಹಾಲ್ ಬೇಕು. ಅದಕ್ಕೆ ಕಿಟಕಿ ಇರುವುದು ಅಪರೂಪ. ಲಾರಿಗಳು ಸಾಮಾನು ಇಳಿಸಲು ಜಾಗ ಬೇಕು, ಕಸ ಹೊರಹಾಕಲು ದಾರಿ ಬೇಕು. ಹಾಗಾಗಿ ಯಾವುದಾದರೂ ಒಂದು ಬೀದಿಗೆ ಬೋಳು ಗೋಡೆ ಗ್ಯಾರಂಟಿ. ನಿವೇಶನ ಆರಿಸುವುದೆಂದರೆ ಆ ಬೆನ್ನು ಯಾರ ಪಾಲಿಗೆ ಎಂದು ತೀರ್ಮಾನಿಸುವುದು. ನೀವು ಮುಖದ ಬಗ್ಗೆ ಆರು ಪ್ಯಾರಾ ಬರೆದಿದ್ದೀರಿ, ಬೆನ್ನಿನ ಬಗ್ಗೆ ಒಂದು ಸಾಲೂ ಇಲ್ಲ.

ಹೋಟೆಲ್‌ನಿಂದ ಸಮಾವೇಶ ಕೇಂದ್ರಕ್ಕೆ ರಸ್ತೆಯ ಮೇಲೆ ಹಾಯುವ ಸ್ಕೈವಾಕ್ ಸೇತುವೆಯನ್ನು ಹೊಗಳಿದ್ದೀರಿ. ಸಮಾವೇಶ ನಡೆಸುವವರಿಗೆ ಅದು ಇಷ್ಟವೇ: ಮಳೆಯಿಲ್ಲ, ಸಿಗ್ನಲ್ ಇಲ್ಲ, ಕೋಣೆಯಿಂದ ನೇರ ಸಭಾಂಗಣಕ್ಕೆ. ಆದರೆ ಅತಿಥಿ ನೆಲಕ್ಕೆ ಇಳಿಯದಿದ್ದರೆ ನೀವು ಹೇಳುವ ಕಾಫಿ ಅಂಗಡಿಗೆ ಗಿರಾಕಿ ಎಲ್ಲಿಂದ ಬರಬೇಕು? ಸಂಘಟಕರ ಅನುಕೂಲಕ್ಕೂ ಊರಿನ ಲಾಭಕ್ಕೂ ಇರುವ ಈ ಜಗ್ಗಾಟವೇ ನಿಮ್ಮ ನಿಜವಾದ ವಿಷಯ.

ಹಣದ ಭಾಗ ತೀರಾ ತೆಳು. ಬಾಲ್ಟಿಮೋರ್ ನಗರವೇ 30 ಕೋಟಿ ಡಾಲರ್‌ಗೂ ಹೆಚ್ಚಿನ ಬಾಂಡ್ (ಸಾಲಪತ್ರ) ಎತ್ತಿ 757 ಕೋಣೆಗಳ ಹಿಲ್ಟನ್ ಹೋಟೆಲ್ ಕಟ್ಟಿಸಿತು, ಅದೂ ಸ್ಕೈವಾಕ್ ಸಮೇತ. 2008ರಲ್ಲಿ ತೆರೆದ ಅದು ವರ್ಷಗಟ್ಟಲೆ ನಷ್ಟದಲ್ಲಿತ್ತು. ಸೇಂಟ್ ಲೂಯಿಸ್‌ನಲ್ಲಿ 1917ರ ಸ್ಟಾಟ್ಲರ್ ಕಟ್ಟಡವನ್ನು ದುರಸ್ತಿ ಮಾಡಿ 2003ರಲ್ಲಿ ತೆರೆದ ಕನ್ವೆನ್ಷನ್ ಹೋಟೆಲ್ 2009ರ ಹೊತ್ತಿಗೆ ಸಾಲ ಕೊಟ್ಟ ಬಾಂಡ್‌ದಾರರ ಕೈ ಸೇರಿತು. ನೀವು ಉದ್ಧರಿಸಿದ ‘ಅಂದಾಜು ಅತಿಥಿಗಳ ಸಂಖ್ಯೆ’ ಯಾರು ದುಡ್ಡು ಕೊಟ್ಟು ಮಾಡಿಸಿದ ವರದಿಯದು ಎಂದೂ ಹೇಳಿ.

ನಿಮ್ಮ ಪಾರ್ಕಿಂಗ್ ಲಾಟ್ ಅನ್ನು ನಾಲ್ಕೇ ಸಾಲಿನಲ್ಲಿ ಸಾಗಹಾಕಿದ್ದೀರಿ. ಅಲ್ಲಿಂದ ಸಮಾವೇಶ ಕೇಂದ್ರದವರೆಗೆ ಒಮ್ಮೆ ಹಗಲು, ಒಮ್ಮೆ ರಾತ್ರಿ ನಡೆದು ನೋಡಿ. ಎಷ್ಟು ಬಾಗಿಲು ತೆರೆದಿವೆ, ಎಲ್ಲಿ ಕತ್ತಲು, ಯಾವ ಕಟ್ಟಡ ಬಾಡಿಗೆಗೆ ಕಾಯುತ್ತಿದೆ ಎಂದು ಬರೆದುಕೊಳ್ಳಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಕೊನೆಗೆ ಮೊದಲ ನಿವೇಶನವೇ ಸರಿ ಅನ್ನಿಸಿದರೆ ನನ್ನ ತಕರಾರಿಲ್ಲ.

ಅಂದಹಾಗೆ, ಕಂಪ್ಯೂಟರ್‌ನಲ್ಲಿ ಬಿಡಿಸಿದ ಆ ಹೊಳೆಯುವ ಗೋಪುರದ ಚಿತ್ರ ಬೇಡ. ಪಾರ್ಕಿಂಗ್ ಲಾಟ್‌ನ ಫೋಟೊ ಕಳಿಸಿ.