ತೆರಿಗೆ ಪ್ರಶ್ನೋತ್ತರ: ಹೊರರಾಜ್ಯದ ಬಾಂಡ್ ಬಡ್ಡಿ ಎಲ್ಲಿ ತೋರಿಸಬೇಕು?

ಪ್ರಶ್ನೆ: ನಾವಿರುವುದು ನ್ಯೂಯಾರ್ಕ್ ನಗರದಲ್ಲಿ. ಅಮೆರಿಕದ ಎಲ್ಲ ರಾಜ್ಯಗಳ ಮುನಿಸಿಪಲ್ ಬಾಂಡ್ (ರಾಜ್ಯ, ನಗರಾಡಳಿತಗಳು ಸಾಲ ಎತ್ತಲು ಹೊರಡಿಸುವ ಪತ್ರ) ಕೊಳ್ಳುವ ಫಂಡ್ ಒಂದರಿಂದ ಕಳೆದ ವರ್ಷ 2,400 ಡಾಲರ್ ಬಡ್ಡಿ ಆದಾಯ ಬಂತು. ಇದಕ್ಕೆ ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆಯೇ ಇಲ್ಲ ಅಂದಮೇಲೆ ರಾಜ್ಯದ ರಿಟರ್ನ್‌ನಲ್ಲಿ ತೋರಿಸಬೇಕೇ?

ಉತ್ತರ: ತೋರಿಸಲೇಬೇಕು. ಆದಾಯ ತೆರಿಗೆ ಇರುವ ಬಹುತೇಕ ರಾಜ್ಯಗಳು ತಮ್ಮ ಬಾಂಡ್‌ಗಳ ಬಡ್ಡಿಯನ್ನು ಬಿಟ್ಟು, ಹೊರಗಿನವುಗಳ ಬಡ್ಡಿಗೆ ಮಾತ್ರ ತೆರಿಗೆ ಹಾಕುತ್ತವೆ. ಇದು ತಾರತಮ್ಯ ಎಂದು ಕೆಂಟಕಿಯಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು; 2008ರಲ್ಲಿ ಗೆದ್ದದ್ದು ರಾಜ್ಯವೇ.

ನಿಮ್ಮ 2,400 ಡಾಲರ್, ಫಂಡ್‌ನಿಂದ ಬಂದ ಆದಾಯದ ವಿವರವಿರುವ 1099-ಡಿಐವಿ ಫಾರಂನ 12ನೇ ಬಾಕ್ಸ್‌ನಲ್ಲಿರುತ್ತದೆ. ಅಲ್ಲಿಂದ ಫೆಡರಲ್ ರಿಟರ್ನ್ ಆದ 1040 ಫಾರಂನ 2ಎ ಸಾಲಿಗೆ ಹೋಗುತ್ತದೆ. ಯಾವ ರಾಜ್ಯದ ಬಾಂಡ್‌ನಿಂದ ಎಷ್ಟು ಬಂತು ಎನ್ನುವುದು ಈ ಮೊತ್ತದಿಂದ ಗೊತ್ತಾಗುವುದಿಲ್ಲ. ಅದಕ್ಕೆ ಫಂಡ್ ಕಂಪನಿ ವರ್ಷದ ಆರಂಭದಲ್ಲಿ ತನ್ನ ವೆಬ್‌ಸೈಟಿನಲ್ಲಿ ಹಾಕುವ ರಾಜ್ಯವಾರು ಶೇಕಡಾವಾರು ಪಟ್ಟಿ ಬೇಕು. ಅದರಲ್ಲಿ ನ್ಯೂಯಾರ್ಕ್ ಶೇ 14, ಪೋರ್ಟೊರಿಕೊ ಶೇ 1 ಎಂದಿದೆ ಎನ್ನೋಣ. ಅಮೆರಿಕದ ಆಡಳಿತದಲ್ಲಿದ್ದೂ ರಾಜ್ಯಗಳಲ್ಲದ ಪೋರ್ಟೊರಿಕೊ, ಗುವಾಮ್, ವರ್ಜಿನ್ ದ್ವೀಪಗಳ ಬಾಂಡ್ ಬಡ್ಡಿಗೆ ಯಾವ ರಾಜ್ಯವೂ ತೆರಿಗೆ ಹಾಕುವಂತಿಲ್ಲ. ಹಾಗಾಗಿ ಶೇ 15, ಅಂದರೆ 360 ಡಾಲರ್ ಕಳೆದು ಉಳಿದ 2,040 ಡಾಲರನ್ನು ನ್ಯೂಯಾರ್ಕ್ ರಾಜ್ಯದ ರಿಟರ್ನ್ ಆದ ಐಟಿ-201ರ 20ನೇ ಸಾಲಿನಲ್ಲಿ ಆದಾಯಕ್ಕೆ ಕೂಡಿಸಿ. ನಗರದ ತೆರಿಗೆಯೂ ಇದೇ ಆದಾಯದ ಮೇಲೆ ನಿಂತಿರುವುದರಿಂದ ಅಲ್ಲೂ ಒಂದಿಷ್ಟು ಏರುತ್ತದೆ.

ಸಾಮಾನ್ಯವಾಗಿ ಎಡವುವುದು ಸಾಫ್ಟ್‌ವೇರ್‌ನಲ್ಲಿ. ‘ಈ ಬಡ್ಡಿ ಯಾವ ರಾಜ್ಯದ್ದು?’ ಎಂದು ಅದು ಕೇಳಿದಾಗ ಪೂರ್ತಿ ಮೊತ್ತಕ್ಕೆ ನ್ಯೂಯಾರ್ಕ್ ಎಂದು ಒತ್ತಿದರೆ ಕಟ್ಟಬೇಕಾದ ತೆರಿಗೆ ತಪ್ಪಿ, ಮುಂದೆ ನೋಟಿಸ್ ಬರಬಹುದು. ಪೂರ್ತಿ ಹೊರರಾಜ್ಯದ್ದು ಎಂದರೆ 360 ಡಾಲರಿಗೆ ಸುಮ್ಮನೆ ತೆರಿಗೆ ಕಟ್ಟಿದಂತೆ. ಎರಡು ಮೊತ್ತಗಳನ್ನೂ ಬೇರೆಬೇರೆಯಾಗಿಯೇ ತುಂಬಿ.

ಪ್ರಶ್ನೆ: ಇದೇ ಲೆಕ್ಕ ಕ್ಯಾಲಿಫೋರ್ನಿಯಾದಲ್ಲೂ ನಡೆಯುತ್ತದೆಯೇ?

ಉತ್ತರ: ಇಲ್ಲ. ಅಲ್ಲಿ ತೆರಿಗೆ ಇಲ್ಲದ ಬಾಂಡ್‌ಗಳು ಫಂಡ್‌ನ ಆಸ್ತಿಯಲ್ಲಿ ಕನಿಷ್ಠ ಅರ್ಧದಷ್ಟಾದರೂ ಇರಬೇಕು, ಅದೂ ಪ್ರತಿ ತ್ರೈಮಾಸಿಕದ ಕೊನೆಗೆ. ಇಲ್ಲದಿದ್ದರೆ ಫಂಡ್‌ನಲ್ಲಿರುವ ಕ್ಯಾಲಿಫೋರ್ನಿಯಾದ ಪಾಲಿಗೂ ವಿನಾಯಿತಿ ಸಿಗದು. ಅಂಥ ಬಾಂಡ್ ಶೇ 15 ಮಾತ್ರ ಇರುವ ಫಂಡ್ ಆದರೆ 2,400ಕ್ಕೆ 2,400 ಡಾಲರೂ ಕ್ಯಾಲಿಫೋರ್ನಿಯಾ ರಿಟರ್ನ್‌ನ ಷೆಡ್ಯೂಲ್ ಸಿಎಯಲ್ಲಿ, ಆದಾಯಕ್ಕೆ ಕೂಡಿಸುವ ಸಿ ಕಾಲಂಗೆ ಹೋಗುತ್ತದೆ. ಮಿನ್ನೆಸೋಟದ ಮಿತಿ ಇನ್ನೂ ಬಿಗಿ, ಶೇ 95. ಇಲಿನಾಯ್ ತನ್ನದೇ ಬಹುತೇಕ ಬಾಂಡ್‌ಗಳ ಬಡ್ಡಿಯನ್ನೂ ಬಿಡುವುದಿಲ್ಲ. ‘ದೇಶವ್ಯಾಪಿ’ ಫಂಡ್‌ನ ಆದಾಯ ಹೆಚ್ಚು ಕಂಡಿತೆಂದು ಕೊಳ್ಳುವ ಮುನ್ನ ಈ ತೆರಿಗೆ ಕಳೆದು ಕೈಗೆಷ್ಟು ಉಳಿಯುತ್ತದೆ ನೋಡಿ. ಬಹಳಷ್ಟು ಬಾರಿ ಸ್ವಂತ ರಾಜ್ಯದ ಫಂಡೇ ವಾಸಿ.

ಪ್ರಶ್ನೆ: ವರ್ಜಿನಿಯಾದಲ್ಲಿದ್ದೇನೆ. ಮೇರಿಲ್ಯಾಂಡ್‌ನ ಬಾಂಡ್ ಒಂದನ್ನು ಮುಖಬೆಲೆಗಿಂತ ಹೆಚ್ಚು ಕೊಟ್ಟು ಕೊಂಡೆ. ಬಡ್ಡಿಯ ವಿವರವಿರುವ 1099-ಐಎನ್‌ಟಿ ಫಾರಂನಲ್ಲಿ 1,500 ಡಾಲರ್ ಎಂದಿದೆ. ಅಷ್ಟಕ್ಕೂ ತೆರಿಗೆ ಇದೆಯೇ? ಮೇರಿಲ್ಯಾಂಡ್‌ನಲ್ಲೂ ರಿಟರ್ನ್ ಹಾಕಬೇಕೇ?

ಉತ್ತರ: ಈ ಬಡ್ಡಿಯೊಂದಕ್ಕಾಗಿ ಮೇರಿಲ್ಯಾಂಡ್‌ನಲ್ಲಿ ರಿಟರ್ನ್ ಬೇಕಿಲ್ಲ. ಅಲ್ಲಿ ತೆರಿಗೆ ಕಟ್ಟದ ಕಾರಣ ವರ್ಜಿನಿಯಾದಲ್ಲಿ ಕ್ರೆಡಿಟ್ (ಬೇರೆ ರಾಜ್ಯಕ್ಕೆ ಕಟ್ಟಿದ್ದಕ್ಕೆ ತೆರಿಗೆಯಲ್ಲಿ ಕಡಿತ) ಕೇಳಲೂ ಬರುವುದಿಲ್ಲ.

ಮೊತ್ತದ ವಿಷಯದಲ್ಲಿ ಎರಡು ಕಡೆ ಕಣ್ಣಾಡಿಸಿ. ಮೊದಲನೆಯದು 13ನೇ ಬಾಕ್ಸ್. ಅಲ್ಲಿ ಪ್ರೀಮಿಯಂ (ಮುಖಬೆಲೆಗಿಂತ ಹೆಚ್ಚು ಕೊಟ್ಟ ಹಣದಲ್ಲಿ ಈ ವರ್ಷದ ಪಾಲು) ಎಂದು 300 ಡಾಲರ್ ಇದ್ದರೆ 8ನೇ ಬಾಕ್ಸ್‌ನ 1,500ರಿಂದ ಅದನ್ನು ಕಳೆಯಬೇಕು. 13ನೇ ಬಾಕ್ಸ್ ಖಾಲಿ ಇದ್ದರೆ ಬ್ರೋಕರ್ ಆಗಲೇ ಕಳೆದು ಕೊಟ್ಟಿರಬಹುದು. ಮತ್ತೆ ಕಳೆದು ಲೆಕ್ಕ ಕೆಡಿಸಿಕೊಳ್ಳಬೇಡಿ. ಎರಡನೆಯದು, ಎರಡು ಬಡ್ಡಿ ದಿನಾಂಕಗಳ ನಡುವೆ ಕೊಂಡಾಗ ಅಲ್ಲಿಯವರೆಗಿನ ಬಡ್ಡಿಯೆಂದು ಮಾರಿದವರಿಗೆ ನೀವು ಕೊಟ್ಟ ಹಣ. ಅದು 1099ರ ಬಾಕ್ಸ್‌ಗಳಲ್ಲಿ ಕಾಣದು. ಬ್ರೋಕರ್ ಲಗತ್ತಿಸುವ ಹಿಂದಿನ ಪುಟಗಳಲ್ಲೋ, ಕೊಂಡ ದಿನದ ಕನ್ಫರ್ಮೇಷನ್‌ನಲ್ಲೋ ಇರುತ್ತದೆ. ಅದು 200 ಡಾಲರ್ ಆಗಿದ್ದರೆ ನಿಮ್ಮ ಬಡ್ಡಿ 1,000 ಡಾಲರ್ ಮಾತ್ರ. ಫೆಡರಲ್ 2ಎ ಸಾಲಿಗೂ ವರ್ಜಿನಿಯಾ ರಿಟರ್ನ್‌ಗೆ ಸೇರುವ ಷೆಡ್ಯೂಲ್ ಎಡಿಜೆಯ ಮೊದಲ ಸಾಲಿಗೂ ಇದೇ ಅಂಕಿ. ಈ ಬಾಂಡ್ ಕೊಳ್ಳಲೆಂದೇ ಸಾಲ ಮಾಡಿದ್ದರೆ, ಫೆಡರಲ್‌ನಲ್ಲಿ ಕಳೆಯಲು ಬಿಡದ ಆ ಸಾಲದ ಬಡ್ಡಿಯನ್ನು ವರ್ಜಿನಿಯಾದಲ್ಲಿ ಇದರಿಂದ ಕಳೆಯಬಹುದು.

ಪ್ರಶ್ನೆ: ಜುಲೈನಲ್ಲಿ ಟೆಕ್ಸಾಸ್ ಬಿಟ್ಟು ಕ್ಯಾಲಿಫೋರ್ನಿಯಾಗೆ ಬಂದೆವು. ಇಡೀ ವರ್ಷದ ಬಡ್ಡಿಗೂ ತೆರಿಗೆಯೇ?

ಉತ್ತರ: ಟೆಕ್ಸಾಸ್‌ನಲ್ಲಿ ಆದಾಯ ತೆರಿಗೆ ಇಲ್ಲ, ಅಲ್ಲಿದ್ದಾಗ ಬಂದ ಬಡ್ಡಿಯನ್ನು ಕ್ಯಾಲಿಫೋರ್ನಿಯಾ ಮುಟ್ಟುವುದಿಲ್ಲ. 1099ರಲ್ಲಿ ತಿಂಗಳವಾರು ವಿವರ ಇರುವುದಿಲ್ಲವಾದ್ದರಿಂದ ಬ್ರೋಕರ್‌ನ ಮಾಸಿಕ ಸ್ಟೇಟ್‌ಮೆಂಟ್‌ಗಳನ್ನು ಇಳಿಸಿಕೊಂಡು, ಬಂದು ನೆಲೆಸಿದ ದಿನದ ನಂತರ ಜಮೆಯಾದದ್ದನ್ನು ಬೇರೆ ಕೂಡಿಸಿ. ತುಂಬಬೇಕಾದದ್ದು, ವರ್ಷದಲ್ಲಿ ಸ್ವಲ್ಪ ಕಾಲ ಮಾತ್ರ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರೂ ಬಳಸುವ ಫಾರಂ 540ಎನ್ಆರ್. ಆ ಸ್ಟೇಟ್‌ಮೆಂಟ್‌ಗಳನ್ನು ರಿಟರ್ನ್ ಜೊತೆಗೇ ಎತ್ತಿಡಿ.